ಮೊದಲ ರ‍್ಯಾಂಕಿನ ಮೌನ

“ಶ್...! ಬಾಯಿ ಮುಚ್ಚು. ಮಾತಾಜಿ ಬರುವ ಹೊತ್ತಾಯ್ತು. ಇವತ್ತು ಈ ಮನೆಯಲ್ಲಿ ನರಳುವ ಒಂದು ಶಬ್ದ ಹೊರಗೆ ಬಂದ್ರೂ ನಾನು ಸುಮ್ಮನಿರುವವಳಲ್ಲ, ಗೊತ್ತುಂಟಲ್ಲ?”

ಅಳದಂಗಡಿಯ ಆ ದೊಡ್ಡ ಮನೆಯ ಹಿತ್ತಲಲ್ಲಿ, ಬಾವಿಕಟ್ಟೆಗೆ ಒರಗಿ ನಿಂತಿದ್ದ ಸೊಸೆಗೆ ಪದ್ಮಾಕ್ಷಿಯಮ್ಮ ಹೀಗೆ ಹೇಳುತ್ತಿದ್ದರು. ಪಿಕಪ್‌ನಿಂದ ಎಳನೀರಿನ ಗೊನೆ ಇಳಿಸಿ ಹೆಗಲ ಮೇಲೆ ಹೊತ್ತು ಬರುತ್ತಿದ್ದ ಅಂಕಿತ್ ಆ ಮಾತು ಕೇಳಿ ಗೋಡೆಯ ಮರೆಯಲ್ಲೇ ನಿಂತುಬಿಟ್ಟ. ಆ ಸೊಸೆ ಬೇರೆ ಯಾರೂ ಅಲ್ಲ, ಅವನ ಒಬ್ಬಳೇ ತಂಗಿ ಬ್ರಾಹ್ಮಿ. ಮೂರು ತಿಂಗಳ ಬಸುರಿ. ಒದ್ದೆ ಮಡಿಸೀರೆ ಉಟ್ಟು, ತಲೆಗೆ ಬಟ್ಟೆ ಬಿಗಿದು, ಎಡಗೈಯಿಂದ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿದ್ದಳು. ಮುಖದಲ್ಲಿ ರಕ್ತವೆಂಬುದೇ ಇರಲಿಲ್ಲ... ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ!

“ಅತ್ತೆ, ಇದು ಹಾಗಿನ ನೋವಲ್ಲ...”

“ನಾನೇನು ಹೆತ್ತವಳಲ್ವಾ? ಒಂದು ಹೆರಿಗೆಯಲ್ಲೂ ನನ್ನ ಸ್ವರ ಪಕ್ಕದ ಕೋಣೆಗೆ ಕೇಳಿಸಲಿಲ್ಲ. ಆ ಕಾಲೇಜಿನಲ್ಲಿ ಮೊದಲ ರ‍್ಯಾಂಕ್ ಅಂತಲ್ವಾ ನಾನು ನಿನ್ನನ್ನು ಆರಿಸಿ ತಂದದ್ದು? ಒಂದು ಊಟದ ಹೊತ್ತು ತಡ್ಕೊಳ್ಳಿಕ್ಕೆ ಆಗುದಿಲ್ವಾ ನಿನಗೆ?”

ಪದ್ಮಾಕ್ಷಿಯಮ್ಮ ಸೆರಗು ಕೊಡವಿ ಒಳಗೆ ಹೋದರು. ಅಂಕಿತ್ ಗೊನೆಯನ್ನು ಅಲ್ಲೇ ನೆಲಕ್ಕೆ ಹಾಕಿ ಓಡಿ ಬಂದ.

“ಎಂತ ಆಯ್ತು ಬ್ರಾಹ್ಮಿ?”

“ಎಂತ ಇಲ್ಲ ಅಣ್ಣ. ಸ್ವಲ್ಪ ಹೊಟ್ಟೆನೋವು. ಊಟ ಆದ ಮೇಲೆ ಸರಿಯಾಗ್ತದೆ.”

“ಯಾರ ಊಟ?”

“ಮಾತಾಜಿಯವರದ್ದು.”

“ಅವರು ಉಂಡ್ರೆ ನಿನ್ನ ಹೊಟ್ಟೆನೋವು ಹೋಗ್ತದಾ? ಹೋಗುವ ಬಾ. ಪಿಕಪ್ ಹೊರಗೇ ಉಂಟು. ಬೆಳ್ತಂಗಡಿಯಲ್ಲಿ ಡಾಕ್ಟ್ರು...”

“ಬೊಬ್ಬೆ ಹಾಕಬೇಡ ಅಣ್ಣ!” ಬ್ರಾಹ್ಮಿ ಅವನ ತೋಳು ಹಿಡಿದಳು. “ಮಾತಾಜಿಗೆ ನಿನ್ನೆಯೂ ಉಪವಾಸ. ಅವರ ಮನಸ್ಸಿನ ಸಂಕಲ್ಪ ಯಾವ ಮನೆಯಲ್ಲೂ ಕೂಡಿ ಬರಲಿಲ್ಲ ಅಂತೆ. ವಯಸ್ಸಾದ ಜೀವ. ಇವತ್ತೂ ಅಂತರಾಯ ಆದ್ರೆ ಆ ಪಾಪ ನನಗೆ... ನನ್ನ ಹೊಟ್ಟೆಯಲ್ಲಿ ಇರುವುದಕ್ಕೆ.”

ಬಂಟ್ವಾಳ ಪೇಟೆಯ ಬಸದಿಯಲ್ಲಿ ಪೂಜೆ ಮಾಡುವ ಸಂಪತ್‌ಕುಮಾರ ಇಂದ್ರರ ಮಕ್ಕಳಿಗೆ ಅಂತರಾಯ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಾತಾಜಿಯವರು ಲೋಕ ಬಿಟ್ಟ ಸನ್ಯಾಸಿನಿ. ಮನಸ್ಸಿನಲ್ಲೇ ಸಂಕಲ್ಪಿಸಿದ ಗುರುತು ಯಾವ ಮನೆಯೆದುರು ಕಂಡಿತೋ ಅಲ್ಲಿ ಮಾತ್ರ, ದಿನಕ್ಕೆ ಒಂದೇ ಸಲ, ತಟ್ಟೆಯಿಲ್ಲದೆ, ಜೋಡಿಸಿದ ಅಂಗೈಗಳಲ್ಲೇ ಊಟ. ಆ ಊಟದ ನಡುವೆ ತುತ್ತಿನಲ್ಲಿ ಒಂದು ಕೂದಲು ಸಿಕ್ಕರೆ, ಇಲ್ಲವೇ ಯಾರೋ ಅಳುವ ಸದ್ದು ಕಿವಿಗೆ ಬಿದ್ದರೆ ಮುಗಿಯಿತು. ಅಂಗೈ ಬಿಡಿಸಿ ಎದ್ದುಬಿಡುತ್ತಾರೆ. ಮತ್ತೆ ಮರುದಿನದವರೆಗೆ ಒಂದು ಹನಿ ನೀರೂ ಇಲ್ಲ. ಉಣಬಡಿಸಿದ ಮನೆಗೆ ಅದಕ್ಕಿಂತ ದೊಡ್ಡ ದುಃಖವಿಲ್ಲ, ಅದಕ್ಕಿಂತ ದೊಡ್ಡ ಅವಮಾನವೂ ಇಲ್ಲ.

ಆದರೆ ‘ಬೊಬ್ಬೆ ಹಾಕಬೇಡ’ ಎಂದು ಹೇಳಿದ್ದು ಯಾರು? ಬ್ರಾಹ್ಮಿ! ಅಯ್ಯೋ, ಇಡೀ ಪೇಟೆಯಲ್ಲೇ ‘ಬೊಬ್ಬೆ ಬ್ರಾಹ್ಮಿ’ ಎಂದು ಹೆಸರು ಪಡೆದಿದ್ದ ಹುಡುಗಿ! ಅವಳು ನಕ್ಕರೆ ಬಸದಿಯ ಪಾರಿವಾಳಗಳು ಹಾರುತ್ತಿದ್ದವು. ಅವಳು ಅತ್ತರೆ ನೇತ್ರಾವತಿಯ ಆಚೆ ದಡದ ಪಾಣೆಮಂಗಳೂರಿನವರು ‘ಇಂದ್ರರ ಮಗಳಿಗೆ ಇವತ್ತು ಪೆಟ್ಟು ಬಿದ್ದಿದೆ’ ಎಂದು ಹೇಳಬಹುದಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರ ಬೆತ್ತ ಕಿತ್ತು ಎಸೆದು ಮನೆಗೆ ಬಂದ ಅಂಕಿತ್ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಲೋಡಿಂಗ್ ಮಾಡಿ, ಕ್ಲೀನರ್ ಆಗಿ, ಕೊನೆಗೆ ಪಿಕಪ್ ಡ್ರೈವರ್ ಆದ. ಆದರೆ ತಂಗಿಗೆ ಮಾತ್ರ ಹೇಳುತ್ತಿದ್ದ: “ನೀನು ಓದು ಮಾರಾಯ್ತಿ. ನರ್ಸ್ ಆಗು. ನಿನ್ನ ಬೊಬ್ಬೆ ಕೇಳಿದ್ರೆ ಸತ್ತ ಪೇಷಂಟೂ ಎದ್ದು ಕೂತ್ಕೊಳ್ತಾನೆ.” ಅವಳೂ ನರ್ಸಿಂಗ್ ಅಂತಲೇ ಹಠ ಹಿಡಿದಿದ್ದಳು. ಸೀಟೂ ಸಿಕ್ಕಿತ್ತು.

ಅಪ್ಪ ಒಪ್ಪಲಿಲ್ಲ. “ಇಂದ್ರರ ಮಗಳು ಊರವರ ರಕ್ತ ಮುಟ್ಟುವುದಾ?” ಎಂದರು. ಮೂಡಬಿದಿರೆಯ ಹತ್ತಿರ ಹೊಸದಾಗಿ ಶುರುವಾಗಿದ್ದ ಶ್ರಾವಿಕಾ ಗೃಹಧರ್ಮ ವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿ ನೀರು ಗಾಳಿಸುವುದರಿಂದ ಹಿಡಿದು ಅತ್ತೆಗೆ ಉತ್ತರ ಕೊಡುವವರೆಗೆ ಎಲ್ಲದಕ್ಕೂ ಪಾಠ, ಎಲ್ಲದಕ್ಕೂ ಅಂಕ! ಹಿಟ್ಟು ಎಷ್ಟು ದಿನಕ್ಕೆ ಕೆಡುತ್ತದೆ, ಗಂಡ ಮನೆಗೆ ಬಂದಾಗ ಎದುರು ಹೇಗೆ ನಿಲ್ಲಬೇಕು, ಕೋಪ ಬಂದರೆ ಯಾವ ಮಂತ್ರ ಹೇಳಬೇಕು... ಕೊನೆಗೆ ಮೌನ ಪರೀಕ್ಷೆ. ಒಂದು ಪೂರ್ತಿ ಅಡುಗೆಯನ್ನು ಪಾತ್ರೆಗೆ ಪಾತ್ರೆ ತಾಗದಂತೆ, ಬಳೆಗೆ ಬಳೆ ತಾಗದಂತೆ, ಬಾಯಿಂದ ಒಂದು ಅಕ್ಷರ ಬೀಳದಂತೆ ಮಾಡಿ ಬಡಿಸಬೇಕು. ಮುಚ್ಚಳ ಒಮ್ಮೆ ‘ಠಣ್’ ಎಂದರೆ ಅಂಕ ಹೋಯಿತು. ಹಿಂದೆ ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಗಂಡುಮಕ್ಕಳ ತಾಯಂದಿರು ಕುಳಿತು ನೋಡುತ್ತಿದ್ದರು, ಹಸುವಿನ ಹಲ್ಲು ನೋಡುವ ಹಾಗೆ!

“ಗೃಹಿಣಿಯ ಕಣ್ಣೀರು ಒಲೆಯ ಬೂದಿಯ ಹಾಗೆ. ಇದ್ದರೂ ಹೊರಗಿನವರಿಗೆ ಕಾಣಬಾರದು,” ಎಂದು ಅಲ್ಲಿನ ಮುಖ್ಯಸ್ಥೆ ಸಾಧನಾ ಮೇಡಂ ಮೈಕಿನಲ್ಲಿ ಹೇಳಿದಾಗ ಅಂಕಿತ್‌ಗೆ ತಡೆಯಲಾಗಲಿಲ್ಲ. “ಇದೆಂತ ಕಳ್ಳರಿಗೆ ಕೊಡುವ ತರಬೇತಿಯಾ ಅಮ್ಮ?” ಎಂದು ಜೋರಾಗಿಯೇ ಕೇಳಿಬಿಟ್ಟಿದ್ದ. ತಾಯಿ ಕಮಲಾವತಿ ಅವನ ತೊಡೆ ಚಿವುಟಿದ್ದರು. ಅದೇ ದಿನ ಬ್ರಾಹ್ಮಿಗೆ ಮೊದಲ ರ‍್ಯಾಂಕ್ ಬಂತು, ಬೆಳ್ಳಿಯ ದೀಪ ಬಂತು. ಪದ್ಮಾಕ್ಷಿಯಮ್ಮನ ಕುರ್ಚಿಯಿಂದ ಮದುವೆಯ ಪ್ರಸ್ತಾಪವೂ ಬಂತು. ರಬ್ಬರ್ ತೋಟ, ಮನೆತನ, ಒಬ್ಬನೇ ಮಗ ಅರಿಹಂತ್. ಅಪ್ಪನ ಕಣ್ಣಲ್ಲಿ ನೀರು! ಬೊಬ್ಬೆ ಬ್ರಾಹ್ಮಿ ಮಾತ್ರ ಅಂದು ನಗಲೂ ಇಲ್ಲ, ಅಳಲೂ ಇಲ್ಲ. ಅದನ್ನೇ ಎಲ್ಲರೂ ಸಂಸ್ಕಾರ ಎಂದರು.

ಇಂದು ಬ್ರಾಹ್ಮಿ ಬಾವಿಕಟ್ಟೆಯಿಂದ ನಿಧಾನವಾಗಿ ಒಳಗೆ ನಡೆದಳು. ಅಂಕಿತ್‌ಗೆ ಒಳಗೆ ಪ್ರವೇಶವಿರಲಿಲ್ಲ. ಪ್ಯಾಂಟು ಹಾಕಿದವನು, ಲೋಡಿನ ಧೂಳು ಮೆತ್ತಿಕೊಂಡವನು ಮಡಿ ಅಡುಗೆಮನೆಗೆ ಹೋಗುವಂತಿಲ್ಲ. ಗೇಟಿನ ಹೊರಗೆ ಪಿಕಪ್‌ನಲ್ಲಿ ಕಾಲು ಚಾಚಿ ಕುಳಿತಿದ್ದ ಜೊತೆಗಾರ ಬಾಸಿತ್ ಕೇಳಿದ: “ಎಂತ ಮಾರಾಯ, ಮುಖ ಹೀಗೆ ಉಂಟು? ನಿಮ್ಮಲ್ಲಿ ಊಟ ಹಾಕ್ಲಿಕ್ಕೂ ಇಷ್ಟು ಹೆದರಿಕೆಯಾ?”

“ನೀನು ಗಾಡಿ ತಿರುಗಿಸಿ ಇಡು.”

“ಹೋಗುವುದಾ? ಈಗಲೇ?”

“ಗೊತ್ತಿಲ್ಲ. ತಿರುಗಿಸಿ ಇಡು, ಅಷ್ಟೆ.”

ಮಾತಾಜಿ ಬಂದರು. ಬಿಳಿ ಸೀರೆ, ಬಾಗಿದ ಬೆನ್ನು, ಕೈಯಲ್ಲಿ ನವಿಲುಗರಿಯ ಪಿಂಛಿ. ಅಂಗಳದಲ್ಲಿ ಅರಿಹಂತ್ ಮತ್ತು ಪದ್ಮಾಕ್ಷಿಯಮ್ಮ ಕಳಶ ಹಿಡಿದು ಕೂಗಿದರು: “ವಂದಾಮಿ ಮಾತಾಜಿ, ವಂದಾಮಿ! ನಿಲ್ಲಿರಿ, ನಿಲ್ಲಿರಿ! ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ! ಆಹಾರ ಜಲ ಶುದ್ಧ!” ಮಾತಾಜಿ ನಿಂತರು. ಸಂಕಲ್ಪ ಕೂಡಿ ಬಂದಿತ್ತು. ನೆರೆದವರ ಮುಖವೆಲ್ಲ ಅರಳಿತು. ಅಂಕಿತ್ ಜೊತೆ ಬಂದಿದ್ದ ಕಮಲಾವತಿ, “ನನ್ನ ಮಗಳ ಪುಣ್ಯ ನೋಡು!” ಎಂದು ಕಣ್ಣೊರೆಸಿಕೊಂಡರು.

ಹಿತ್ತಲ ಕಡೆಯ ಕಿಟಕಿಯ ಸರಳು ಹಿಡಿದು ತಾಯಿ ಮಗ ಇಬ್ಬರೂ ನೋಡುತ್ತಿದ್ದರು. ಮಾತಾಜಿ ಮಣೆಯ ಮೇಲೆ ಕುಳಿತು ಅಂಗೈ ಜೋಡಿಸಿದರು. ಅರಿಹಂತ್ ತುತ್ತು ಇಡುತ್ತಿದ್ದ. ಅವನ ಕಣ್ಣು ಆ ಅಂಗೈಯಿಂದ ಅತ್ತಿತ್ತ ಸರಿಯಲಿಲ್ಲ. ಪಕ್ಕದಲ್ಲೇ ನಿಂತು ಪಾತ್ರೆಗಳನ್ನು ಎತ್ತಿ ಕೊಡುತ್ತಿದ್ದ ಹೆಂಡತಿಯ ತುಟಿ ನೀಲಿಗಟ್ಟಿದ್ದು ಅವನಿಗೆ ಹೇಗೆ ಕಾಣಬೇಕು? ಬ್ರಾಹ್ಮಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಹಣೆಯ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ಅದು ಆಹಾರಕ್ಕೆ ಬೀಳಬಾರದೆಂದು ಮತ್ತೆ ಮತ್ತೆ ಮುಖ ತಿರುಗಿಸುತ್ತಿದ್ದಳು. ಹಾಗೆ ತಿರುಗಿಸಿದಾಗ ಒಮ್ಮೆ ಅಣ್ಣನ ಕಣ್ಣಿಗೆ ಕಣ್ಣು ಕೂಡಿತು. ಆ ನೋಟ...! ಕಟುಕನ ಅಂಗಡಿಯೆದುರು ಕಟ್ಟಿದ ಕುರಿಗೂ ಕೂಗುವ ಹಕ್ಕು ಇರುತ್ತದೆ. ಅವಳಿಗೆ ಅದೂ ಇರಲಿಲ್ಲ.

“ಅಮ್ಮ, ಅವಳಿಗೆ ಆಗುದಿಲ್ಲ. ನೋಡು, ಅವಳಿಗೆ ಆಗುದೇ ಇಲ್ಲ!”

“ಸ್ವಲ್ಪ ಸುಮ್ಮನಿರು ಮಗಾ... ಇನ್ನು ಸ್ವಲ್ಪವೇ. ಮುಗಿಯಿತು.”

ಆಗ ಬ್ರಾಹ್ಮಿಯ ಮೊಣಕಾಲು ಕುಸಿಯಿತು. ಅವಳ ಕೈಯಲ್ಲಿ ಹಿತ್ತಾಳೆಯ ತಂಬಿಗೆ ಇತ್ತು, ತುಂಬ ನೀರು. ಬೀಳುವವರು ಗೋಡೆ ಹಿಡಿಯುತ್ತಾರೆ, ಬಾಗಿಲು ಹಿಡಿಯುತ್ತಾರೆ. ಅವಳು ತಂಬಿಗೆಯನ್ನು ಹಿಡಿದಳು! ಎರಡೂ ಕೈಯಿಂದ ಹಿಡಿದು, ಒಂದು ಹನಿ ಚೆಲ್ಲದಂತೆ, ಒಂದು ಸಣ್ಣ ಸದ್ದೂ ಆಗದಂತೆ ನೆಲದ ಮೇಲಿಟ್ಟಳು. ಆಮೇಲೆ ಅದರ ಪಕ್ಕದಲ್ಲಿ ತಾನು ಮಲಗಿದಳು... ಮಡಿಸಿಟ್ಟ ಬಟ್ಟೆಯ ಹಾಗೆ. ಪದ್ಮಾಕ್ಷಿಯಮ್ಮ ನೋಡಿದರು. ನೋಡಿಯೂ ಎರಡು ಹೆಜ್ಜೆ ಮುಂದೆ ಬಂದು, ಮಾತಾಜಿಗೆ ಕಾಣದಂತೆ ತಮ್ಮ ಸೀರೆಯನ್ನು ಅಡ್ಡ ಹಿಡಿದು ನಿಂತರು. ತುತ್ತು ಮುಂದುವರಿಯಿತು.

ಅಂಕಿತ್ ಬಾಯಿ ತೆರೆದ. ಅಷ್ಟರಲ್ಲಿ ತಾಯಿಯ ಅಂಗೈ ಅವನ ಬಾಯಿಯ ಮೇಲೆ ಬಿಗಿಯಾಗಿ ಕುಳಿತಿತ್ತು. “ಅಂತರಾಯ ಆಗ್ತದೆ ಮಗಾ... ಅಂತರಾಯ...” ಎಂದು ಕಮಲಾವತಿ ಅವನ ಕಿವಿಯಲ್ಲಿ ಬಿಕ್ಕುತ್ತಿದ್ದರು, ಸದ್ದಿಲ್ಲದೆ. ಆದರೆ ಕೈ ಸಡಿಲವಾಗಲಿಲ್ಲ. ಮೇಷ್ಟ್ರ ಬೆತ್ತ ಕಿತ್ತೆಸೆದವನು, ಪೇಟೆಯಲ್ಲಿ ಯಾರಿಗೂ ಹೆದರದವನು, ಆ ಅಂಗೈಯ ಕೆಳಗೆ ನಿಂತೇಬಿಟ್ಟ. ಎಷ್ಟು ಹೊತ್ತು? ಒಂದೆರಡು ತುತ್ತಿನ ಹೊತ್ತು. ಆ ಎರಡು ತುತ್ತಿನ ಹೊತ್ತು ಅವನನ್ನು ಇವತ್ತಿಗೂ ಬಿಟ್ಟಿಲ್ಲ, ಸಾಯುವವರೆಗೆ ಬಿಡುವುದೂ ಇಲ್ಲ.

ಆಮೇಲೆ ತಾಯಿಯ ಕೈಯನ್ನು ಕಿತ್ತು ಹಾಕಿದ.

“ಬ್ರಾಹ್ಮೀ...!!”

ಆ ಬೊಬ್ಬೆಗೆ ಮನೆ ನಡುಗಿತು. ಅರಿಹಂತ್‌ನ ಕೈಯ ತುತ್ತು ಕೆಳಗೆ ಬಿತ್ತು. ಮಾತಾಜಿಯ ಅಂಗೈಗಳು ಬಿಚ್ಚಿಕೊಂಡವು. ಅನ್ನ ನೆಲಕ್ಕೆ ಉದುರಿತು.

“ಹಾಳಾಗಿ ಹೋಗು! ಎರಡನೇ ದಿನವೂ ಅವರನ್ನು ಉಪವಾಸ ಹಾಕಿದೆಯಲ್ಲ ಪಾಪಿ!” ಪದ್ಮಾಕ್ಷಿಯಮ್ಮ ಕಿಟಕಿಯ ಕಡೆ ತಿರುಗಿ ಕಿರುಚಿದರು. ಸದ್ದೇ ಆಗಬಾರದಿದ್ದ ಮನೆಯಲ್ಲಿ! “ಶಾಲೆ ಕಾಣದ ರೌಡಿ! ನಿಮ್ಮ ಮನೆಯ ಸಂಸ್ಕಾರವೇ ಇಷ್ಟು!”

ಅಂಕಿತ್ ಆಗಲೇ ಬೂಟುಗಾಲಲ್ಲಿ ಅಡುಗೆಮನೆಯೊಳಗೆ ಇದ್ದ. ಮಡಿ ಹೋಯಿತು, ಮನೆತನ ಹೋಯಿತು, ಎಲ್ಲ ಹೋಗಲಿ! ತಂಗಿಯನ್ನು ಎತ್ತಿದರೆ ಅವಳ ತಲೆ ಅವನ ತೋಳಿನ ಮೇಲೆ ಜೋತುಬಿತ್ತು. ಬಾಯಿಯಲ್ಲಿ ಇನ್ನೂ ಸೆರಗಿತ್ತು. ಹಲ್ಲು ಕಚ್ಚಿ ಹಿಡಿದದ್ದು ಬಿಡಿಸಲು ಬರಲಿಲ್ಲ.

ಮಾತಾಜಿ ಬಾಯಿ ಮುಕ್ಕಳಿಸಿ ಎದ್ದು ಬಂದರು. ಪದ್ಮಾಕ್ಷಿಯಮ್ಮ ಅವರ ಕಾಲಿಗೆ ಬಿದ್ದರು. “ಕ್ಷಮಿಸಬೇಕು ಮಾತಾಜಿ, ಈ ಅಪಚಾರ...”

“ಹುಡುಗಿಗೆ ನೋವು ಶುರುವಾದದ್ದು ಯಾವಾಗ?” ಮಾತಾಜಿ ಕೇಳಿದರು. ಆ ಮುದುಕಿ ಬಾಗಿ, ಬ್ರಾಹ್ಮಿಯ ಮುಖವನ್ನೇ ನೋಡಿದರು. “ಅಳು ಕೇಳಿದ ಮೇಲೆ ಉಣ್ಣಬಾರದು ಅಂತ ಇರುವ ನಿಯಮ ಅದು. ನಮಗೆ ಇರುವ ನಿಯಮ. ನಿಮ್ಮ ಹೆಣ್ಣುಮಕ್ಕಳು ಅಳಬಾರದು ಅಂತ ಯಾರು ಕಲಿಸಿದ್ದು? ಯಾರಮ್ಮ ಕಲಿಸಿದ್ದು?” ಆಮೇಲೆ ಅಂಕಿತ್‌ನ ಕಡೆ ತಿರುಗಿ, “ನಿಂತದ್ದು ಎಂತಕ್ಕೆ ಮಗಾ? ಓಡು. ನನಗೆ ನಾಳೆ ಊಟ ಉಂಟು. ಇವಳಿಗೆ ನಾಳೆ ಉಂಟಾ ನೋಡು!” ಎಂದರು.

ಬಾಸಿತ್ ಗಾಡಿ ತಿರುಗಿಸಿಯೇ ಇಟ್ಟಿದ್ದ. ಹಾರ್ನ್ ಒತ್ತಿದ ಕೈ ತೆಗೆಯದೆ ಅವನು ಬೆಳ್ತಂಗಡಿ ಮುಟ್ಟಿಸಿದ. ಅಲ್ಲಿನ ಡಾಕ್ಟ್ರು ಹೊಟ್ಟೆ ಮುಟ್ಟಿದವರೇ, “ಒಳಗೆ ರಕ್ತ ಹೋಗ್ತಾ ಉಂಟು. ಮಂಗಳೂರಿಗೆ, ಮಂಗಳೂರಿಗೆ!” ಎಂದು ಆಂಬುಲೆನ್ಸ್ ಹತ್ತಿಸಿದರು. ದಾರಿಯುದ್ದಕ್ಕೂ ಅಂಕಿತ್ ತಂಗಿಯ ಕೆನ್ನೆ ತಟ್ಟುತ್ತಿದ್ದ. “ಬೊಬ್ಬೆ ಹಾಕು ಬ್ರಾಹ್ಮಿ! ಒಮ್ಮೆ ಬೊಬ್ಬೆ ಹಾಕು! ನಿನ್ನ ಅಣ್ಣ ಹೇಳುದು!” ಬಿ.ಸಿ. ರೋಡಿನ ಹತ್ತಿರ ಅವಳು ಒಮ್ಮೆ ಕಣ್ಣು ಬಿಟ್ಟಳು. ತುಟಿ ಅಲ್ಲಾಡಿತು. ಅವನು ಕಿವಿ ಹತ್ತಿರ ತಂದ.

“ಮಾತಾಜಿ... ಉಂಡ್ರಾ?”

ಜೀವ ಉಳಿಯಿತು. ಜೀವ ಮಾತ್ರ. ಗರ್ಭಕೋಶದ ಮೂಲೆಯಲ್ಲಿ ಕಟ್ಟಿಕೊಂಡಿದ್ದ ಬಸಿರು ಒಡೆದು ಹೋಗಿತ್ತು. ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾಯಿತು. “ನೋವು ಶುರುವಾದ ಕೂಡಲೇ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ. ಅಷ್ಟು ನೋವಿನಲ್ಲಿ ಯಾಕೆ ಹೇಳಲಿಲ್ಲ ಇವರು?” ಡಾಕ್ಟರಮ್ಮ ಕೇಳಿದರು. ಪಾಪ, ಅವರಿಗೆ ಹೇಗೆ ಹೇಳುವುದು? ಅವಳು ಹೇಳದಿರುವುದನ್ನೇ ಓದಿ ಪಾಸಾದವಳು ಎಂದು!

ಆಸ್ಪತ್ರೆಯ ವರಾಂಡದಲ್ಲಿ ಸಂಪತ್‌ಕುಮಾರರು ಹಣೆ ಹಿಡಿದು ಕುಳಿತಿದ್ದರು. “ಎಲ್ಲ ಪೂರ್ವಕರ್ಮ...” ಎಂದು ಗೊಣಗಿದರು. “ಮಾತಾಜಿಗೆ ಎರಡನೇ ದಿನವೂ ಉಪವಾಸ ಆಯ್ತಂತೆ. ಊರೆಲ್ಲ ಮಾತಾಡ್ತಾರೆ. ನೀನೊಮ್ಮೆ ಬಾಯಿ ಹಿಡ್ಕೊಂಡಿದ್ರೆ...”

“ಹಿಡ್ಕೊಂಡಿದ್ದೆ ಅಪ್ಪ! ಎರಡು ತುತ್ತಿನ ಹೊತ್ತು ಹಿಡ್ಕೊಂಡಿದ್ದೆ! ಅದೇ ನಾನು ಮಾಡಿದ ಪಾಪ!” ಅಂಕಿತ್‌ನ ಸ್ವರಕ್ಕೆ ವರಾಂಡದವರೆಲ್ಲ ತಿರುಗಿ ನೋಡಿದರು. “ಊರವರ ರಕ್ತ ಮುಟ್ಟಬಾರದು ಅಂದ್ರಲ್ಲ ನೀವು? ಈಗ ನೋಡಿ, ಒಳಗೆ ಬಾಟ್ಲಿಯಲ್ಲಿ ಯಾರ್ಯಾರದೋ ರಕ್ತ ಅವಳಿಗೆ ಇಳೀತಾ ಉಂಟು. ಒಂದು ಬಾಟ್ಲಿ ಬಾಸಿತ್‌ನದ್ದು. ಹೋಗಿ ಶುದ್ಧ ಮಾಡ್ತೀರಾ? ಹೋಗಿ! ಕಳಶ ತರ್ಲಾ ನಾನು?”

ಸಂಪತ್‌ಕುಮಾರರು ಮೆಲ್ಲನೆ ಎದ್ದು, ಕೊನೆಯ ಬೆಂಚಿನಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು ಕುಳಿತಿದ್ದ ಬಾಸಿತ್‌ನ ಪಕ್ಕ ಹೋಗಿ ಕುಳಿತರು. ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮುದುಕನ ಹೆಗಲು ಕುಲುಕುತ್ತಿತ್ತು. “ಅಳ್ಬೇಡಿ ಇಂದ್ರರೇ...” ಎಂದು ಶುರು ಮಾಡಿದ ಬಾಸಿತ್ ಯಾಕೋ ನಡುವೆಯೇ ನಿಲ್ಲಿಸಿ, “ಅಲ್ಲ... ಅಳಿ,” ಎಂದ.

ಅರಿಹಂತ್ ಒಮ್ಮೆ ಬಂದಿದ್ದ. ಮಂಚದ ಕಾಲಬುಡದಲ್ಲಿ ನಿಂತು ಗೋಡೆಯನ್ನು ನೋಡಿದ. “ಅಮ್ಮ ಹೇಳಿದ್ದಾರೆ, ಸ್ವಲ್ಪ ದಿನ ಅಲ್ಲೇ ಇರಲಿ ಅಂತ,” ಎಂದ. ‘ಅಲ್ಲೇ’ ಎಂದರೆ ತವರುಮನೆ. ‘ಸ್ವಲ್ಪ ದಿನ’ ಎಂದರೆ ಎಷ್ಟೆಂದು ಅವನು ಹೇಳಲಿಲ್ಲ, ಬ್ರಾಹ್ಮಿ ಕೇಳಲಿಲ್ಲ. ಹಾಸಿಗೆಯಿಂದಲೇ ಕೈ ಜೋಡಿಸಿ ಗಂಡನಿಗೆ ನಮಸ್ಕಾರ ಮಾಡಿದಳು. ಕಲಿಸಿದ್ದರಲ್ಲ!

ಬಂಟ್ವಾಳದ ಮನೆಗೆ ಬಂದ ಮೇಲೂ ಅವಳು ಅಳಲಿಲ್ಲ. ಎದ್ದು ಓಡಾಡುವಷ್ಟಾದ ಕೂಡಲೇ ಅಡುಗೆಮನೆ ಹೊಕ್ಕಳು. ಪಾತ್ರೆ ಸದ್ದಿಲ್ಲ, ಬಳೆ ಸದ್ದಿಲ್ಲ. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದು. ಕಮಲಾವತಿಗೆ ಇದನ್ನು ನೋಡಿ ಹುಚ್ಚು ಹಿಡಿದ ಹಾಗಾಯಿತು. ಬೇಕೆಂದೇ ಮುಚ್ಚಳ ಕೆಳಗೆ ಹಾಕುವರು, ಸೌಟನ್ನು ಬಾಣಲೆಗೆ ಬಡಿಯುವರು, “ಅಯ್ಯೋ, ಬಿತ್ತು ನೋಡು ಬ್ರಾಹ್ಮಿ!” ಎಂದು ದೊಡ್ಡದಾಗಿ ನಗುವರು. ಅಪ್ಪ ಮನೆಯೊಳಗೇ ಸ್ತೋತ್ರವನ್ನು ಗಂಟಲು ಹರಿಯುವಂತೆ ಹೇಳುವರು. ಅಂಕಿತ್ ಬಂದರೆ ಬಾಗಿಲಲ್ಲಿ ಪಿಕಪ್‌ನ ಹಾರ್ನ್ ಬಾರಿಸಿಯೇ ಇಳಿಯುವುದು. ಮಗಳ ಬಾಯಿ ಮುಚ್ಚಿಸಿದ ಮನೆ ಈಗ ಮಗಳಿಗಾಗಿ ಬೊಬ್ಬೆ ಹಾಕುತ್ತಿತ್ತು! ಬ್ರಾಹ್ಮಿ ಬಿದ್ದ ಮುಚ್ಚಳವನ್ನು ಎತ್ತಿ, ಒರೆಸಿ, ಸದ್ದಾಗದಂತೆ ಅದರ ಜಾಗದಲ್ಲಿಡುತ್ತಿದ್ದಳು.

ಒಂದು ದಿನ ಮೂಡಬಿದಿರೆಯಿಂದ ಸಾಧನಾ ಮೇಡಂ ಬಂದರು, ಜೊತೆಗೆ ಸಾತ್ವಿಕಾ ಎಂಬ ವಿದ್ಯಾರ್ಥಿನಿ. ಹಣ್ಣಿನ ಬುಟ್ಟಿ, ಶಾಲು.

“ಪದವಿ ಪ್ರದಾನಕ್ಕೆ ಬ್ರಾಹ್ಮಿ ವೇದಿಕೆಯಲ್ಲಿ ಕೂತ್ಕೊಳ್ಬೇಕು ಅಂತ ನಮ್ಮ ಆಸೆ ಅಮ್ಮ. ಪ್ರಾಣ ಹೋಗುವ ನೋವಿನಲ್ಲೂ ಒಂದು ಉಸಿರು ಹೊರಗೆ ಬಿಡಲಿಲ್ಲ ಅವಳು! ನಮ್ಮ ಮಕ್ಕಳು ಅವಳನ್ನು ನೋಡಿ ಕಲಿಯಬೇಕು. ಆದರ್ಶ ಗೃಹಿಣಿ ಅಂದ್ರೆ...”

“ಎದ್ದು ಹೋಗಿ,” ಎಂದ ಅಂಕಿತ್.

“ನೋಡಪ್ಪ, ನಿನಗೆ ಓದು ಬರಹ ಕಡಿಮೆ. ಇದೆಲ್ಲ...”

“ಹೌದು ಮೇಡಂ, ಕಡಿಮೆ! ಒಂಬತ್ತನೇ ಕ್ಲಾಸು! ಅದಕ್ಕೇ ನನಗೆ ಬೊಬ್ಬೆ ಹಾಕ್ಲಿಕ್ಕೆ ಬಂತು. ನಾನೂ ನಿಮ್ಮ ಕಾಲೇಜಿಗೆ ಬಂದಿದ್ರೆ ಇವತ್ತು ಇವಳ ಫೋಟೋಕ್ಕೆ ಹಾರ ಹಾಕ್ತಿದ್ದಿರಿ!”

ಆ ಹೊತ್ತಿಗೆ ಬ್ರಾಹ್ಮಿ ಒಳಗಿನಿಂದ ನೀರು ತಂದಳು. ಮೇಡಂಗೆ ತಲೆಬಾಗಿ, ಲೋಟಗಳನ್ನು ಮುಂದಿಟ್ಟಳು. ಸಾತ್ವಿಕಾ ಅವಳ ಮುಖವನ್ನು ನೋಡಿದಳು. ನೋಡನೋಡುತ್ತ ಆ ಹುಡುಗಿಯ ಗಲ್ಲ ಅದುರಿತು, ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ಶ್, ಸಾತ್ವಿಕಾ! ಇದೇನಾ ಕಲಿತದ್ದು?”

“ಬಿಡಿ ಆ ಹುಡುಗಿಯನ್ನು!” ಕಮಲಾವತಿ ಎದ್ದು ನಿಂತಿದ್ದರು. ಎಂದೂ ಯಾರಿಗೂ ಎದುರಾಡದ ಹೆಂಗಸು. ತಮ್ಮ ಬಲಗೈಯನ್ನು ಮುಂದೆ ಚಾಚಿದರು. “ನೋಡಿ, ಈ ಕೈಯಲ್ಲಿ ನಾನು ನನ್ನ ಮಗನ ಬಾಯಿ ಮುಚ್ಚಿದ್ದು. ಆ ಕಡೆ ನನ್ನ ಮಗಳು ಬಿದ್ದಿದ್ದಳು. ನನಗೆ ಯಾವ ಕಾಲೇಜಿನವರೂ ಕಲಿಸಲಿಲ್ಲ, ಆದ್ರೂ ಮುಚ್ಚಿದೆ. ನೀವು ಅದಕ್ಕೆ ರ‍್ಯಾಂಕ್ ಬೇರೆ ಕೊಡ್ತೀರಲ್ಲ...! ಆ ಹುಡುಗಿ ಅಳಲಿ. ನನ್ನ ಮನೆಯಲ್ಲಿ ಇನ್ನು ಯಾರು ಬೇಕಾದ್ರೂ ಅಳಬಹುದು. ಆ ಶಾಲು ತಗೊಂಡು ಹೋಗಿ.”

ಹೋಗುವಾಗ ಸಾತ್ವಿಕಾ ಗೇಟಿನವರೆಗೂ ಜೋರಾಗಿಯೇ ಅತ್ತಳು. ಬ್ರಾಹ್ಮಿ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದಳು, ಎಲ್ಲೋ ಕೇಳಿ ಮರೆತ ಹಾಡನ್ನು ನೆನಪಿಸಿಕೊಳ್ಳುವವಳ ಹಾಗೆ. ಅಂಕಿತ್ ಉಸಿರು ಬಿಗಿಹಿಡಿದು ಕಾದ. ಈಗ ಅಳುತ್ತಾಳೆ... ಈಗ...! ಅವಳು ತಿರುಗಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದು ಸಂಜೆ, ಸೂರ್ಯ ಮುಳುಗುವ ಮೊದಲೇ ಎಂದಿನಂತೆ ಊಟಕ್ಕೆ ಕುಳಿತರು. ಹಿಂಬಾಗಿಲಿನಿಂದ ಕೆಂಪು ಬಿಸಿಲು ಎಲೆಯ ಮೇಲೆ ಬೀಳುತ್ತಿತ್ತು. ಬ್ರಾಹ್ಮಿ ಅಣ್ಣನಿಗೆ ಬಡಿಸಿದಳು. ಆಮೇಲೆ ಹಿತ್ತಾಳೆಯ ತಂಬಿಗೆ ತಂದು, ಮಂಡಿಯೂರಿ, ಎರಡೂ ಕೈಯಿಂದ ಹಿಡಿದು, ಒಂದು ಹನಿ ಚೆಲ್ಲದಂತೆ ನೆಲದ ಮೇಲಿಟ್ಟಳು. ಅದೇ ಕೈ, ಅದೇ ಬಾಗು, ಅದೇ ಸದ್ದಿಲ್ಲದ ತಂಬಿಗೆ!

ಅಂಕಿತ್‌ನ ಕೈಯ ತುತ್ತು ಎಲೆಗೇ ಮರಳಿತು. ಅಲ್ಲಿಯವರೆಗೆ ಕೋಪವಾಗಿ, ಬೈಗುಳವಾಗಿ, ಹಾರ್ನಾಗಿ ಹೊರಗೆ ಹಾರುತ್ತಿದ್ದದ್ದು ಅಂದು ಬೇರೆಯೇ ಆಗಿ ಒಡೆಯಿತು. ಎಲೆಯ ಮುಂದೆ ಕುಳಿತಲ್ಲೇ ಅವನು ಗಟ್ಟಿಯಾಗಿ, ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ಅತ್ತ. “ತಪ್ಪಾಯ್ತು ಬ್ರಾಹ್ಮಿ... ನನ್ನಿಂದ ತಪ್ಪಾಯ್ತು... ಒಮ್ಮೆ ಅಳೇ... ನಿನ್ನ ಕಾಲಿಗೆ ಬೀಳ್ತೇನೆ, ಒಮ್ಮೆ ಅಳು...!”

ಬ್ರಾಹ್ಮಿ ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ಅಂಗಳದ ಕಡೆ ನೋಡಿದಳು. ಬೇಗ ಬೇಗ ಅಣ್ಣನ ಪಕ್ಕಕ್ಕೆ ಸರಿದು, ತಣ್ಣಗಿನ ಅಂಗೈಯನ್ನು ಅವನ ಬಾಯಿಯ ಮೇಲೆ ಮೆತ್ತಗೆ ಇಟ್ಟಳು. ಇನ್ನೊಂದು ಕೈಯಿಂದ ಅವನ ತಲೆ ನೇವರಿಸಿದಳು. ಅವಳ ಕಣ್ಣಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಅದನ್ನು ನೋಡಲಾಗದೆ ಕಮಲಾವತಿ ಗೋಡೆಗೆ ಮುಖ ತಿರುಗಿಸಿದರು.

“ಮೆಲ್ಲ ಅಣ್ಣ... ಮೆಲ್ಲ,” ಎಂದಳು ಬ್ರಾಹ್ಮಿ. “ಎಲ್ಲಾದ್ರೂ ಯಾರಾದ್ರೂ ಊಟ ಮಾಡ್ತಾ ಇರಬಹುದು.”